ಅಪ್ಪ ಯಾವ ಬ್ಯಾಚು?

ಬೆಂಗಳೂರಿನ ಈ ದಕ್ಷಿಣದ ಕಡೆ ಮನುಷ್ಯನನ್ನು ಅಳೆಯಲು ಒಂದು ಪ್ರಶ್ನೆ ಇದೆ. ಮೊದಲು ಹೆಸರು ಕೇಳುತ್ತಾರೆ, ಮನೆ ಎಲ್ಲಿ ಎನ್ನುತ್ತಾರೆ, ಆಮೇಲೆ ಕಾಫಿ ಲೋಟ ಎತ್ತಿಕೊಳ್ಳುತ್ತಾ, ಏನೋ ಸುಮ್ಮನೆ ಕೇಳಿದವರ ಹಾಗೆ ಕೇಳುತ್ತಾರೆ: 'ಯಾವ ಸ್ಕೂಲು?' ತಲೆ ನೆರೆತು ಮೊಮ್ಮಕ್ಕಳನ್ನು ಎತ್ತಿ ಆಡಿಸುವವನಿಗೂ ಇದೇ ಪ್ರಶ್ನೆ. ಅಲ್ಲ ಕಣ್ರೀ, ಈ ವಯಸ್ಸಿಗೆ ಯಾವ ಸ್ಕೂಲಾದರೆ ನಿಮಗೇನು ಎಂದು ನನಗೆ ಬಹಳ ವರ್ಷ ತಲೆ ಕೆಡುತ್ತಿತ್ತು. ಅದು ಅರ್ಥವಾಯಿತು ಎಂದುಕೊಂಡ ಮೇಲೆ ಮಾಡಿದ್ದೇ ನನ್ನ ಜೀವನದ ದೊಡ್ಡ ದಡ್ಡತನ.

ನಾನು ಸುದ್ದಗುಂಟೆಪಾಳ್ಯದಲ್ಲೇ ಹುಟ್ಟಿ ಬೆಳೆದವನು. ಈಗ ಬಿಟಿಎಂ ಲೇಔಟ್ ಎಂದು ಕರೆಯುವ ಜಾಗದಲ್ಲಿ ನಮ್ಮ ತಾತ ರಾಗಿ, ಹುರುಳಿ ಬೆಳೆಯುತ್ತಿದ್ದರು. ಲೇಔಟು ಬಂತು, ಹೊಲ ಹೋಯಿತು, ಊರೊಳಗಿನ ಮನೆಯ ಜಾಗ ಉಳಿಯಿತು. ಆ ಜಾಗದಲ್ಲಿ ನಮ್ಮಪ್ಪ ಒಂದು ಬಿಲ್ಡಿಂಗು ಎಬ್ಬಿಸಿದರು. ಕೆಳಗೆ ನನ್ನ ಹಾರ್ಡ್‌ವೇರ್ ಅಂಗಡಿ, ಅದರ ಮೇಲೆ ನಮ್ಮ ಮನೆ, ಅದಕ್ಕೂ ಮೇಲೆ ಬಾಡಿಗೆಯವರು. ಊಟಕ್ಕೆ ಬಟ್ಟೆಗೆ ಕಷ್ಟ ಎಂದು ನಾನು ಹೇಳಿದರೆ ದೇವರು ಮೆಚ್ಚುವುದಿಲ್ಲ. ಓದಿದ್ದು ಮಾತ್ರ ಪಾಳ್ಯದ ಸರ್ಕಾರಿ ಸ್ಕೂಲಿನಲ್ಲಿ, ಆಮೇಲೆ ಪಿಯುಸಿ, ಆಮೇಲೆ ಗಲ್ಲಾಪೆಟ್ಟಿಗೆ. ನನ್ನ ಜೊತೆ ಓದಿದವರಲ್ಲಿ ಒಬ್ಬ ಆಟೋ ಓಡಿಸುತ್ತಾನೆ, ಒಬ್ಬ ನೀರಿನ ಟ್ಯಾಂಕರ್ ಇಟ್ಟಿದ್ದಾನೆ. ಸಿಕ್ಕರೆ ಹೆಗಲ ಮೇಲೆ ಕೈ ಹಾಕಿ ಟೀ ಕುಡಿಸುತ್ತಾರೆ. ಅದಕ್ಕಿಂತ ಹೆಚ್ಚಿನದು ಅವರ ಕೈಲೂ ಆಗುವುದಿಲ್ಲ, ನನ್ನ ಕೈಲೂ ಆಗುವುದಿಲ್ಲ.

ಅಂಗಡಿ ಇಟ್ಟ ಹೊಸದರಲ್ಲಿ ಜಯನಗರದ ಒಂದು ಹಳೆಯ ಸ್ಕೂಲಿನ ನಲ್ಲಿ, ಪೈಪಿನ ಕೆಲಸ ನನಗೆ ಸಿಕ್ಕಿತ್ತು. ಸಂಜೆ ಸ್ಕೂಲು ಬಿಡುವ ಹೊತ್ತಿಗೆ ಗೇಟಿನ ಹತ್ತಿರ ಅಪ್ಪಂದಿರು ಬಂದು ನಿಲ್ಲುತ್ತಿದ್ದರು. ಒಳ್ಳೊಳ್ಳೆ ಕಾರಿನಿಂದ ಇಳಿದ ಗಂಡಸರು ಒಬ್ಬರನ್ನೊಬ್ಬರು ಕಂಡ ಕೂಡಲೇ 'ಲೋ ಮಗಾ!' ಎಂದು ಬೆನ್ನಿಗೆ ಗುದ್ದುತ್ತಿದ್ದರು. ಅವರೂ ಅಲ್ಲೇ ಓದಿದವರು. ಅಲ್ಲಿ ನಿಂತ ನಿಂತ ಹಾಗೇ ಒಬ್ಬ ತನ್ನ ತಂಗಿಯ ಮಗನ ವಿಷಯ ಎತ್ತುತ್ತಿದ್ದ, ಇನ್ನೊಬ್ಬ 'ನಾಳೆ ಕಳ್ಸೋ ಆಫೀಸಿಗೆ' ಅನ್ನುತ್ತಿದ್ದ. ಮುಗಿಯಿತು, ಆ ಹುಡುಗನ ಬದುಕು ಒಂದು ದಾರಿಗೆ ಬಂತು. ಅರ್ಜಿ ಇಲ್ಲ, ಪರೀಕ್ಷೆ ಇಲ್ಲ, ಕೈಮುಗಿದು ನಿಲ್ಲುವುದಿಲ್ಲ. ನಾನು ಕೈಯಲ್ಲಿ ಸ್ಪ್ಯಾನರ್ ಹಿಡಿದುಕೊಂಡು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ. ನನಗೆ ಮಗು ಅಂತ ಒಂದು ಹುಟ್ಟಿದರೆ ಇಲ್ಲೇ ಓದಬೇಕು ಎಂದು ಆವತ್ತೇ ತೀರ್ಮಾನ ಮಾಡಿಬಿಟ್ಟೆ.

ಮಗಳು ಹುಟ್ಟಿದಳು. ಒಬ್ಬಳೇ ಮಗಳು. ಅಡ್ಮಿಷನ್ನಿಗೆ ಮಗುವಿನ ಜೊತೆ ಅಪ್ಪ ಅಮ್ಮನಿಗೂ ಇಂಟರ್‌ವ್ಯೂ. ಮೇಜಿನ ಆಚೆ ಸ್ಕೂಲಿನ ಟ್ರಸ್ಟಿ ಒಬ್ಬರು ಕೂತಿದ್ದರು, ಬಹಳ ಮೃದುವಾದ ಮನುಷ್ಯ. ಮಗುವಿನ ಕೈಗೆ ಚಾಕೊಲೇಟ್ ಕೊಟ್ಟು ನನ್ನ ಕಡೆ ತಿರುಗಿದರು.

'ಮೂಲ ಯಾವ ಕಡೆಯವರು ನೀವು?'

'ಇದೇ ಕಡೆ ಸಾರ್. ಸುದ್ದಗುಂಟೆಪಾಳ್ಯ.'

'ಅದು ಈಗಿನ ಮನೆ. ನಾನು ಕೇಳಿದ್ದು ಮೂಲ.'

'ಮೂಲಾನೂ ಅದೇ ಸಾರ್. ನೀವೆಲ್ಲ ಇಲ್ಲಿಗೆ ಬರೋಕ್ ಮುಂಚಿಂದ ಅಲ್ಲೇ ಇದೀವಿ.'

ಹೆಂಡತಿ ಮೇಜಿನ ಕೆಳಗೆ ನನ್ನ ಕಾಲು ತುಳಿದಳು. ಟ್ರಸ್ಟಿ ನಕ್ಕರು. 'ನೀವು ಓದಿದ್ದು?' ಎಂದರು. ಹೇಳಿದೆ. 'ಓ, ಸಂತೋಷ' ಎಂದರು. ಸೀಟು ಇಲ್ಲ ಎಂದು ಅವರು ಬಾಯಿಬಿಟ್ಟು ಹೇಳಲೇ ಇಲ್ಲ, ಆದರೆ ಆ 'ಸಂತೋಷ' ಕೇಳಿಸಿಕೊಂಡಾಗಲೇ ನಮಗೆ ಗೊತ್ತಾಯಿತು. ಆಮೇಲೆ ನಾನು ಯಾರನ್ನು ಹಿಡಿದೆ, ಯಾವ ಹೆಸರಿನಲ್ಲಿ ಡೊನೇಷನ್ ಕೊಟ್ಟೆ ಎಂಬುದೆಲ್ಲ ಈಗ ಬೇಡ. ಅಂತೂ ಮಗಳಿಗೆ ಆ ಸ್ಕೂಲಿನ ಯೂನಿಫಾರ್ಮ್ ಬಂತು. ಮೊದಲ ದಿನ ಅವಳ ಟೈ ಸರಿ ಮಾಡುವಾಗ ನನಗೆ ಹುಚ್ಚು ಸಂಭ್ರಮ. ನನಗಿಲ್ಲದ ಸ್ಕೂಲು ಇವಳಿಗಾಯಿತು, ಇನ್ನು ಇವಳನ್ನು ಯಾರೂ ತಡೆಯುವ ಹಾಗಿಲ್ಲ, ಅಂದುಕೊಂಡೆ. ಎಂಥ ಪೆದ್ದ ನಾನು!

ಹುಡುಗಿ ಚುರುಕು. ಟೀಚರುಗಳು ಹೊಗಳುತ್ತಿದ್ದರು, ಡಿಬೇಟಿನಲ್ಲಿ ಕಪ್ ಗೆದ್ದು ತರುತ್ತಿದ್ದಳು. ಅವಳಿಗೆ ವಕೀಲಿಕೆಯ ಹುಚ್ಚು ಹತ್ತಿದ್ದು ನಮ್ಮಪ್ಪನಿಂದ. ಹೊಲದ ಪರಿಹಾರದ ಕೇಸಿಗೆ ಅವರು ಸಾಯುವ ತನಕ ಕೋರ್ಟಿಗೆ ಅಲೆದರು. ರಜೆಯಲ್ಲಿ ಮೊಮ್ಮಗಳನ್ನೂ ಜೊತೆಗೆ ಕರೆದುಕೊಂಡು ಹೋಗುತ್ತಿದ್ದರು. ಒಂದು ದಿನ ಅಲ್ಲಿಂದ ಬಂದವಳೇ, 'ತಾತಂಗೆ ಇರೋ ಲಾಯರ್ರು ಮಾತೇ ಆಡಲ್ಲ ಅಪ್ಪ. ಬರೀ ಡೇಟ್ ಇಸ್ಕೊಂಡು ಬರ್ತಾರೆ. ನಾನಾದ್ರೆ ಮಾತಾಡ್ತೀನಿ' ಎಂದಳು. ಆಗ ನಕ್ಕಿದ್ದೆವು. ಅವಳು ತಮಾಷೆ ಮಾಡಿರಲಿಲ್ಲ. ಲಾ ಓದಿದಳು, ಒಳ್ಳೆಯ ಮಾರ್ಕ್ಸು ತೆಗೆದಳು. ಕಂಪನಿಯಲ್ಲಿ ಕೂತು ಅಗ್ರಿಮೆಂಟು ನೋಡುವ ಕೆಲಸ ಬಂದರೆ ಬೇಡ ಎಂದಳು. ಕೋರ್ಟಿನಲ್ಲಿ ನಿಂತು ವಾದ ಮಾಡಬೇಕು, ಅಷ್ಟೇ ಅವಳಿಗೆ ಬೇಕಾಗಿದ್ದದ್ದು. ಅವಳಿಗೆ ಅದು ಸಿಗಬೇಕು ಎನ್ನುವುದು ಬಿಟ್ಟು ನನಗೂ ಬೇರೆ ಆಸೆ ಇರಲಿಲ್ಲ.

ವಕೀಲರ ಲೋಕದ ಕ್ರಮ ನನಗೆ ಗೊತ್ತಾದದ್ದು ಆಗ. ಸನ್ನದು ಸಿಕ್ಕ ಮಾತ್ರಕ್ಕೆ ವಕೀಲ ಆಗುವುದಿಲ್ಲ. ಒಬ್ಬ ಒಳ್ಳೆಯ ಸೀನಿಯರ್ ಹತ್ತಿರ ಜೂನಿಯರ್ ಆಗಿ ಸೇರಿ, ಅವರ ಫೈಲು ಹೊತ್ತು, ಅವರ ಹಿಂದೆ ನಿಂತು ಕಲಿಯಬೇಕು. ಅವರು ಮನಸ್ಸು ಮಾಡಿ 'ಈ ಕೇಸು ನೀನು ಮಾಡು' ಎಂದ ದಿನ ಜಡ್ಜಿನ ಮುಂದೆ ಬಾಯಿ ಬಿಡಬಹುದು. ಅಂಥ ಸೀನಿಯರ್ ಆಫೀಸಿಗೆ ಚೇಂಬರ್ ಎನ್ನುತ್ತಾರೆ. ಅಲ್ಲಿಗೆ ಸೇರಲು ಜಾಹೀರಾತು ಬರುವುದಿಲ್ಲ, ಪರೀಕ್ಷೆ ಇಲ್ಲ, ಮೆರಿಟ್ ಲಿಸ್ಟೂ ಇಲ್ಲ. ಯಾರೋ ಒಬ್ಬರು ಫೋನು ಮಾಡಿ ಹೇಳಿರಬೇಕು.

ಇನ್‌ಫ್ಲುಯೆನ್ಸ್ ಎಂಬುದು ನನಗೆ ಗೊತ್ತಿಲ್ಲದ ವಿದ್ಯೆ ಏನಲ್ಲ. ಖಾತಾ ಮಾಡಿಸುವುದು, ಮೀಟರ್ ಹಾಕಿಸುವುದು, ಚರಂಡಿ ಕಟ್ಟಿಕೊಂಡರೆ ಕಾರ್ಪೊರೇಟರ್ ಕಡೆಯವರನ್ನು ಎಳೆದು ತರುವುದು, ಇದೆಲ್ಲ ಮಾಡಿ ಮಾಡಿ ಚರ್ಮ ದಪ್ಪವಾಗಿದೆ. ಅಲ್ಲಿ ಕೊಡುವವನಿಗೂ ತಾನು ಮಾಡುತ್ತಿರುವುದು ಏನು ಎಂದು ಗೊತ್ತಿರುತ್ತದೆ, ತೆಗೆದುಕೊಳ್ಳುವವನು ಸ್ವಲ್ಪವಾದರೂ ಅತ್ತ ಇತ್ತ ನೋಡುತ್ತಾನೆ. ಈ ಸ್ಕೂಲಿನ ದೋಸ್ತಿಯಲ್ಲಿ ಯಾರೂ ಯಾರಿಗೂ ಏನೂ ಕೊಡುವುದಿಲ್ಲ. 'ಲೋ, ನಮ್ಮ ಹುಡುಗ ಕಣೋ' ಎಂದರೆ ಆಯಿತು. ಅದರಲ್ಲಿ ತಪ್ಪೇನಾದರೂ ಇದೆ ಎಂದು ಅವರ ಕನಸಿಗೂ ಬರುವುದಿಲ್ಲ. ಪ್ರೀತಿ ಅಂದುಕೊಂಡಿರುತ್ತಾರೆ. ಪ್ರೀತಿಯೇ ಇರಬಹುದು, ಯಾರಿಗೆ ಗೊತ್ತು.

ಜಯನಗರದಲ್ಲಿ ಒಬ್ಬ ದೊಡ್ಡ ಸೀನಿಯರ್ ಇದ್ದರು. ಮನೆಯ ಕೆಳಗಡೆಯೇ ಚೇಂಬರ್. ಅವರೂ ಮಗಳ ಸ್ಕೂಲಿನ ಹಳೆಯ ವಿದ್ಯಾರ್ಥಿ ಎಂದು ತಿಳಿದಾಗ ನಾನು ಅಂಗಡಿಯಲ್ಲೇ ಕುಣಿದುಬಿಟ್ಟೆ. ಕೊಟ್ಟದ್ದು ಈಗ ಫಲ ಕೊಡುತ್ತದೆ ಎಂದುಕೊಂಡೆ. ಸ್ಕೂಟರಿನಲ್ಲಿ ಅವಳನ್ನು ಬಿಟ್ಟು, ಎದುರಿನ ಹೊಂಗೆ ಮರದ ಕೆಳಗೆ ಕಾದು ನಿಂತೆ. ಬೇಗನೆ ಹೊರಗೆ ಬಂದಳು. ಸೌತ್ ಎಂಡ್ ಸರ್ಕಲ್ ದಾಟಿದ ಮೇಲೆ ನನ್ನ ಬೆನ್ನಿನ ಹಿಂದಿನಿಂದ ಮಾತಾಡತೊಡಗಿದಳು.

'ಮೊದ್ಲು ಸಖತ್ ಖುಷಿ ಪಟ್ರು ಅಪ್ಪ. ನಮ್ಮ ಸ್ಕೂಲ್ ಹುಡುಗಿನಾ ಅಂತ ಎದ್ದು ನಿಂತು ಕೈ ಕೊಟ್ರು. ಸ್ಕೂಲಿನ ಮರ ಇದ್ಯಾ, ಕ್ಯಾಂಟೀನ್ ಇದ್ಯಾ ಅಂತೆಲ್ಲ ಕೇಳಿದ್ರು. ಆಮೇಲೆ, ಅಪ್ಪ ಯಾವ ಬ್ಯಾಚು ಅಂದ್ರು.'

'ನೀನೇನಂದೆ?'

'ಅಪ್ಪ ಅಲ್ಲಿ ಓದಿಲ್ಲ ಸಾರ್ ಅಂದೆ. ಅಮ್ಮ ಅಂದ್ರು. ಇಲ್ಲ ಅಂದೆ. ಅಪ್ಪ ಏನ್ಮಾಡ್ತಾರೆ ಅಂದ್ರು. ಹಾರ್ಡ್‌ವೇರ್ ಅಂಗಡಿ ಅಂದೆ. ಗುಡ್ ಗುಡ್ ಅಂದ್ರು. ಆಮೇಲೆ, ಸದ್ಯಕ್ಕೆ ಜಾಗ ಇಲ್ಲಮ್ಮ, ಇದ್ದಾಗ ಹೇಳ್ತೀನಿ ಅಂದ್ರು.'

ಸ್ಕೂಲು ಎಂದರೆ ನಾನು ಒಂದು ಟಿಕೆಟ್ಟು ಎಂದು ತಿಳಿದಿದ್ದೆ. ಮಗಳಿಗೆ ಕೊಡಿಸಿದರೆ ಮಗಳು ಒಳಗೆ ಹೋಗುತ್ತಾಳೆ ಎಂದು. ಅದು ಅವರಿಗೆ ಮನೆತನ ಕಣ್ರೀ! ಅಪ್ಪ ಓದಿರಬೇಕು, ಸಾಧ್ಯವಾದರೆ ತಾತನೂ. ಸೀಟು ಕೊಟ್ಟರು, ಯೂನಿಫಾರ್ಮ್ ಕೊಟ್ಟರು, ಅಷ್ಟು ವರ್ಷ ಒಂದೇ ಬೆಂಚಿನಲ್ಲಿ ಕೂರಿಸಿದರು. ಆದರೂ ಅವಳು ಹೊರಗಿನವಳು. ಇದನ್ನು ಮೊದಲೇ ಹೇಳಬಾರದಿತ್ತೇ ಆ ಚಾಕೊಲೇಟ್ ಕೊಟ್ಟ ಪುಣ್ಯಾತ್ಮ?

ಜಾಗ ಇಲ್ಲ ಎಂದದ್ದೂ ಸುಳ್ಳು. ಮುಂದಿನ ವಾರವೇ ಅವಳ ಲಾ ಕ್ಲಾಸಿನ ಹುಡುಗ ಒಬ್ಬ ಅದೇ ಚೇಂಬರಿಗೆ ಸೇರಿದ. ಪರೀಕ್ಷೆಯಲ್ಲಿ ಇವಳ ನೋಟ್ಸು ಇಸಿದುಕೊಂಡು ಹೇಗೋ ಪಾಸಾಗುತ್ತಿದ್ದವನು. ಅವನ ಅಪ್ಪನೂ ಆ ಸೀನಿಯರೂ ಸ್ಕೂಲಿನ ಕ್ರಿಕೆಟ್ ಟೀಮಿನಲ್ಲಿ ಜೊತೆಗೆ ಆಡಿದವರಂತೆ. ಹುಡುಗ ಕೆಟ್ಟವನಲ್ಲ, ಅವನೇ ಫೋನು ಮಾಡಿ 'ನಂಗೇ ಆಶ್ಚರ್ಯ ಆಯ್ತು ಗುರು, ಏನೂ ಕೇಳ್ಲೇ ಇಲ್ಲ' ಎಂದು ಇವಳಿಗೆ ಹೇಳಿದ. ಇವಳು ಕಂಗ್ರಾಟ್ಸ್ ಹೇಳಿ ಫೋನಿಟ್ಟು, ಬಚ್ಚಲಿಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟುಕೊಂಡಳು. ಅಳುವುದು ನಮಗೆ ಕೇಳಬಾರದು ಎಂದು.

ಬೇರೆ ಚೇಂಬರುಗಳಿಗೂ ಹೋದಳು. ಬಸವನಗುಡಿ, ವಿಲ್ಸನ್ ಗಾರ್ಡನ್, ಬನಶಂಕರಿ. ಅವರವರು ಓದಿದ ಸ್ಕೂಲು ಬೇರೆ ಬೇರೆ, ಪ್ರಶ್ನೆ ಒಂದೇ. ಕೊನೆಗೆ ಕೋರ್ಟಿನ ಹತ್ತಿರ ಒಬ್ಬ ವಕೀಲರ ಬಳಿ ಸೇರಿಕೊಂಡಳು. ಅಲ್ಲಿ ಅಫಿಡವಿಟ್ ಟೈಪು ಮಾಡಿಸುವುದು, ಸ್ಟಾಂಪು ಹಾಕಿಸುವುದು, ಸೀನಿಯರ್ ಬೇರೆ ಕೋರ್ಟಿನಲ್ಲಿದ್ದಾರೆ ಸ್ವಾಮಿ, ಸ್ವಲ್ಪ ಹೊತ್ತು ಬಿಟ್ಟು ಕರೆಯಿರಿ ಎಂದು ಜಡ್ಜನ್ನು ಬೇಡಿಕೊಳ್ಳುವುದು, ಇಷ್ಟೇ ಕೆಲಸ. ತಾತನ ಲಾಯರು ಮಾತಾಡುವುದಿಲ್ಲ ಎಂದು ಸಿಟ್ಟು ಮಾಡಿಕೊಂಡಿದ್ದವಳು, ಈಗ ತಾನೂ ಕರೀ ಕೋಟು ಹಾಕಿಕೊಂಡು ಡೇಟ್ ಇಸಿದುಕೊಂಡು ಬರುತ್ತಿದ್ದಳು. ಮನೆಯಲ್ಲಿ ಮಾತು ಕಡಿಮೆಯಾಯಿತು.

ಒಂದು ಭಾನುವಾರ ನಾನು ತಡೆಯಲಾರದೆ, 'ಹೋಗ್ಲಿ ಬಿಡೇ, ಆ ಕಂಪನಿ ಕೆಲಸಾನೇ ನೋಡು' ಎಂದೆ. ಎಲ್ಲಿತ್ತೋ ಅಷ್ಟು ಕೋಪ, ಎದ್ದು ನಿಂತಳು.

'ನನ್ನ ಆ ಸ್ಕೂಲಿಗೆ ಯಾಕಪ್ಪ ಹಾಕ್ದೆ?'

'ನಿಂಗೆ ಒಳ್ಳೇದಾಗ್ಲಿ ಅಂತ ಕಣೇ.'

'ಒಳ್ಳೇದು! ಪಾಳ್ಯದ ಸ್ಕೂಲಲ್ಲಿ ಓದಿದ್ರೆ ಇಂಥದೊಂದು ಪ್ರಪಂಚ ಇದೆ ಅಂತಾನೇ ಗೊತ್ತಾಗ್ತಿರ್ಲಿಲ್ಲ. ಅವರ ಮಧ್ಯೆ ಕೂರಿಸ್ದೆ. ಅವರ ಥರ ಮಾತಾಡೋದು ಕಲಿತೆ, ಅವರ ಮನೆ ಬರ್ತ್‌ಡೇಗೆಲ್ಲ ಹೋದೆ. ನಾನೂ ಅವರೇ ಅಂದ್ಕೊಂಡಿದ್ದೆ. ಒಂದೇ ಪ್ರಶ್ನೆಗೆ ಹೊರಗ್ ಹಾಕಿದ್ರು. ಮುಂಚೆನೇ ಹೊರಗೆ ಇದ್ದಿದ್ರೆ ಇಷ್ಟು ನೋವಾಗ್ತಿರ್ಲಿಲ್ಲ ಅಪ್ಪ.'

ನನಗೆ ಕೋಪ ಬಂದರೆ ಬಾಯಿ ನನ್ನ ಮಾತು ಕೇಳುವುದಿಲ್ಲ. ಆವತ್ತು ಮಾತ್ರ ಅವಳು ಹೇಳಿದ್ದರಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ.

ನಮ್ಮ ಎರಡನೇ ಮಹಡಿಯಲ್ಲಿ ಬಾಡಿಗೆಗೆ ಇದ್ದವರು ಬ್ಯಾಂಕಿನಿಂದ ರಿಟೈರಾದ ಒಬ್ಬ ಅಧಿಕಾರಿ. ಜಯನಗರದ ಹಳೆಯ ಮನೆತನ. ಅಣ್ಣ ತಮ್ಮಂದಿರ ಭಾಗದಲ್ಲಿ ಮನೆ ಮಾರಿಹೋಗಿ ನಮ್ಮಲ್ಲಿಗೆ ಬಂದಿದ್ದರು. ಗಂಡ ಹೆಂಡತಿ ಇಬ್ಬರೇ. ನನ್ನನ್ನು ತಮಾಷೆಗೆ 'ಓನರ್ರೇ' ಎಂದು ಕರೆಯುತ್ತಿದ್ದರು, ಮಗಳನ್ನು 'ಪುಟ್ಟಿ' ಎನ್ನುತ್ತಿದ್ದರು. ಅವಳಿಗೆ ಅವರು ಅಂಕಲ್. ಕೆಟ್ಟ ಮಾತು ಆಡಲು ಒಂದು ಕಾರಣವನ್ನೂ ಕೊಡದ ಮನುಷ್ಯ. ಅವರು ಓದಿದ್ದೂ ಅದೇ ಸ್ಕೂಲು. ಅದು ಗೊತ್ತಿದ್ದರೂ ನಾನು ಕೇಳಿರಲಿಲ್ಲ. ನಮ್ಮ ಮನೆಯಲ್ಲಿ ಬಾಡಿಗೆಗೆ ಇರುವವರ ಮುಂದೆ ಕೈ ಚಾಚುವುದೇ ಎಂಬ ಜಂಬ ಇದ್ದಿರಬೇಕು.

ನೀರಿನ ಮೋಟರ್ ಕೆಟ್ಟಿದೆ ಎಂದು ಹೇಳಲು ಒಂದು ಸಂಜೆ ಅವರೇ ಅಂಗಡಿಗೆ ಇಳಿದು ಬಂದರು. ಮಗಳು ಅಲ್ಲೇ ಸ್ಟೂಲಿನ ಮೇಲೆ ಕೂತಿದ್ದಳು. 'ಯಾಕೆ ಪುಟ್ಟಿ, ಮುಖ ಬಾಡಿದೆ?' ಎಂದರು. ಅವಳು ಏನಿಲ್ಲ ಎಂದಳು. ನಾನು ತಡೆದುಕೊಳ್ಳಲಾರದೆ ಎಲ್ಲ ಕಕ್ಕಿಬಿಟ್ಟೆ. ಸೀನಿಯರ್ ಹೆಸರು ಕೇಳುತ್ತಲೇ ಅವರು ನಗತೊಡಗಿದರು.

'ಅಯ್ಯೋ ಅವನಾ? ನನ್ನ ಪಕ್ಕದ ಬೆಂಚು ಕಣ್ರೀ! ನಂಗ್ಯಾಕೆ ಹೇಳ್ಲಿಲ್ಲ ಇಷ್ಟು ದಿನ?'

ಅಲ್ಲೇ ಜೇಬಿನಿಂದ ಫೋನು ತೆಗೆದು, ಸ್ಪೀಕರ್ ಹಾಕಿ, ಸಿಮೆಂಟು ಮೂಟೆಗಳ ಪಕ್ಕ ನಿಂತು ಮಾತಾಡಿದರು.

'ಲೋ, ನಮ್ಮ ಮನೆ ಹುಡುಗಿ ಒಬ್ಳು ಇದಾಳೆ, ಲಾ ಮಾಡಿದಾಳೆ. ನಮ್ಮ ಸ್ಕೂಲೇ. ನಿನ್ನ ಹತ್ರ ಸೇರಿಸ್ಕೋಬೇಕು ನೋಡು.'

'ಯಾರೋ? ನಿಮ್ಮಣ್ಣನ ಮಗಳಾ?'

ಅವರು ನನ್ನ ಮುಖ ನೋಡಿದರು. ನಾನು ಮಗಳ ಮುಖ ನೋಡಿದೆ. ಅವಳು ನೆಲ ನೋಡುತ್ತಿದ್ದಳು.

'ಹ್ಞೂಂ, ಹಾಗೇ ಅಂದ್ಕೋ' ಎಂದರು.

'ಸೋಮವಾರ ಕಳ್ಸೋ. ಇದಕ್ಕೆಲ್ಲ ಕೇಳೋದೇನು?'

ಅಷ್ಟೇ. ಒಂದು ಟೀ ಕುಡಿಯುವಷ್ಟು ಹೊತ್ತೂ ಹಿಡಿಯಲಿಲ್ಲ. ಅವರು ಫೋನನ್ನು ಜೇಬಿಗೆ ಹಾಕಿಕೊಂಡು, 'ಅಣ್ಣನ ಮಗಳು ಅಂತ ತಿಳ್ಕೊಂಡ, ತಿಳ್ಕೊಳ್ಲಿ ಬಿಡಿ. ನಂಗೆ ಮಗಳಿದ್ದ ಹಾಗೇ ಅಲ್ವಾ ಇವಳು?' ಎಂದರು. ನಾನು ಅವರ ಎರಡೂ ಕೈ ಹಿಡಿದುಕೊಂಡೆ. ನನ್ನ ಕಣ್ಣಲ್ಲಿ ನೀರು ಬಂದಿತ್ತು, ನಾಚಿಕೆಯಿಲ್ಲದೆ ಹೇಳುತ್ತೇನೆ. ಆ ಹೊತ್ತಿಗೆ ನನಗೆ ಅವರು ದೇವರ ಹಾಗೇ ಕಂಡರು.

ಸೋಮವಾರ ಸಂಜೆ ಬಂದ ಮಗಳು ಚಪ್ಪಲಿ ಬಿಡುತ್ತಾ ಹೇಳಿದಳು: 'ಅವರಿಗೆ ನನ್ನ ಮುಖಾನೇ ನೆನಪಿಲ್ಲ ಅಪ್ಪ. ಅವತ್ತು ಹೋಗಿದ್ನಲ್ಲ, ಅದೇ ಕುರ್ಚಿ, ಅದೇ ರೂಮು. ಇವತ್ತು ಹೊಸದಾಗಿ ನೋಡ್ದಂಗೆ ನೋಡಿದ್ರು. ಮಾರ್ಕ್ಸ್ ಕಾರ್ಡ್ ತೆಗೆದ್ರೆ, ಅಯ್ಯೋ ಒಳಗಿಡಮ್ಮ, ಚಿಕ್ಕಪ್ಪ ಎಲ್ಲ ಹೇಳಿದಾನೆ ಅಂದ್ರು.' ಅಂದಿನಿಂದ ಚೇಂಬರಿನಲ್ಲಿ ಅವಳು ಆ ಮೇಲಿನ ಮನೆಯವರಿಗೆ ಚಿಕ್ಕಪ್ಪ ಎನ್ನತೊಡಗಿದಳು. ಮನೆಯಲ್ಲಿ ಎಂದಿನಂತೆ ಅಂಕಲ್. ನಿಜ ಗೊತ್ತಿದ್ದ ಆ ಕ್ಲಾಸಿನ ಹುಡುಗ ಅವಳ ಗುಟ್ಟು ಬಿಟ್ಟುಕೊಡಲಿಲ್ಲ.

ಅವಳು ಚೆನ್ನಾಗಿ ಕೆಲಸ ಮಾಡಿದಳು. ಅದನ್ನು ಹೇಳದಿದ್ದರೆ ಅವಳಿಗೆ ಅನ್ಯಾಯ. ಬೆಳಿಗ್ಗೆ ಎದ್ದು ಫೈಲು ಓದುವುದು, ಹಳೆಯ ತೀರ್ಪು ಹುಡುಕುವುದು. ಕೆಲವೇ ತಿಂಗಳಲ್ಲಿ ಒಂದು ಕೇಸನ್ನು ಅವಳೇ ವಾದಿಸಲಿ ಎಂದು ಬಿಟ್ಟರಂತೆ. ಗೆದ್ದು ಬಂದು ಅಮ್ಮನನ್ನು ಎತ್ತಿ ತಿರುಗಿಸಿದಳು. ನನ್ನ ಮಗಳ ಯೋಗ್ಯತೆ ಇದು ಎಂದು ಹೇಳಿಕೊಳ್ಳಲು ನನಗೆ ಆಸೆ. ಆದರೆ ಆ ಯೋಗ್ಯತೆ ಆ ಮೊದಲ ದಿನವೂ ಅವಳ ಹತ್ತಿರ ಇತ್ತಲ್ಲ? ಆಗ ಅದನ್ನು ನಾಯಿಯೂ ಮೂಸಿ ನೋಡಲಿಲ್ಲ.

ಅದಾದ ಮೇಲೆ ಒಂದು ಸಂಜೆ ಅವಳು ಮಂಕಾಗಿ ಬಂದಳು. ಕುಮಾರಸ್ವಾಮಿ ಲೇಔಟಿನ ಒಂದು ಹುಡುಗಿ ಚೇಂಬರಿಗೆ ಬಂದಿದ್ದಳಂತೆ, ಬಸ್ಸಿಳಿದು ಬಿಸಿಲಲ್ಲಿ ನಡೆದುಕೊಂಡು. ಕಾಲೇಜಿಗೇ ಫಸ್ಟ್ ಬಂದು ಗೋಲ್ಡ್ ಮೆಡಲ್ ತೆಗೆದವಳು. ಬಾಗಿಲು ತೆಗೆದು ಕೂರಿಸಿ ನೀರು ಕೊಟ್ಟವಳು ನನ್ನ ಮಗಳೇ.

'ಸಾರ್ ಅವಳಿಗೂ ಅದನ್ನೇ ಹೇಳಿದ್ರು ಅಪ್ಪ. ಸದ್ಯಕ್ಕೆ ಜಾಗ ಇಲ್ಲಮ್ಮ, ಇದ್ದಾಗ ಹೇಳ್ತೀನಿ. ಅದೇ ಮಾತು, ಅದೇ ನಗು. ಹೋಗ್ತಾ ನಂಗೆ ಥ್ಯಾಂಕ್ಸ್ ಅಕ್ಕ ಅಂದ್ಳು. ಅವಳು ನನಗಿಂತ ಬುದ್ಧಿವಂತೆ ಕಣಪ್ಪ. ಅವಳು ಕೂರ್ಬೇಕಾಗಿದ್ದ ಕುರ್ಚೀಲಿ ನಾನು ಕೂತಿದೀನಿ.'

'ನೀನೇನ್ ಮಾಡೋಕಾಗುತ್ತೆ, ಬಿಡು' ಎಂದೆ. ಒಳಗೆ ಹೋಗದಿದ್ದರೆ ನಮಗೆ ಅನ್ಯಾಯ, ಒಳಗೆ ಹೋದರೆ ನಮ್ಮಿಂದ ಇನ್ನೊಬ್ಬರಿಗೆ ಅನ್ಯಾಯ. ಇದರ ಮಧ್ಯೆ ನಿಲ್ಲುವುದಕ್ಕೆ ಒಂದು ಅಡಿ ನೆಲವೂ ಇಲ್ಲ. ನನಗೆ ಅಲ್ಲಿಂದೀಚೆಗೆ ಯಾವುದರ ಮೇಲೂ ನಂಬಿಕೆ ಉಳಿದಿಲ್ಲ. ಅಂಗಡಿಗೆ ಬರುವ ಮಕ್ಕಳು ಪರೀಕ್ಷೆ ಎಂದು ಓಡಾಡುವುದನ್ನು ಕಂಡರೆ ಅಯ್ಯೋ ಪಾಪ ಅನ್ನಿಸುತ್ತದೆ.

ನವರಾತ್ರಿ ಬಂತು. ಚೇಂಬರಿನಲ್ಲಿ ಆಯುಧಪೂಜೆ ಜೋರಾಗಿ ಮಾಡುವುದು ಅವರ ಪದ್ಧತಿಯಂತೆ. ಕಾನೂನು ಪುಸ್ತಕ, ಕಂಪ್ಯೂಟರು, ಕಾರು ಎಲ್ಲದಕ್ಕೂ ಪೂಜೆ, ಜೂನಿಯರ್‌ಗಳ ಮನೆಯವರಿಗೆಲ್ಲ ಕರೆ. ಮಗಳು ಮನೆಯಲ್ಲಿ ಈ ವಿಷಯ ಎತ್ತಲೇ ಇಲ್ಲ. ಸೀನಿಯರ್ ನೇರವಾಗಿ ಮೇಲಿನ ಮನೆಯವರಿಗೇ ಫೋನು ಮಾಡಿ ಕರೆದಿದ್ದರು. ಅವರು ಇಳಿದು ಬಂದು, 'ಓನರ್ರೇ, ರೆಡಿ ಆಗಿ, ನಿಮ್ಮ ಮಗಳ ಆಫೀಸು ನೀವು ನೋಡ್ಬೇಡ್ವಾ?' ಎಂದರು. ಅದೇನೂ ಯೋಚನೆ ಇಲ್ಲದ ಒಳ್ಳೆಯ ಮನಸ್ಸು. ನನ್ನ ಹೆಂಡತಿಗೆ ಅರ್ಥವಾಯಿತು. 'ನಾನು ಬರಲ್ಲ, ನೀವೂ ಹೋಗ್ಬೇಡಿ' ಎಂದಳು. ನಾನು ಕೇಳಲಿಲ್ಲ. ಮಗಳು ಕೂರುವ ಮೇಜು ಯಾವುದು ಎಂದು ಒಂದು ಸಲ ನೋಡಬೇಕಿತ್ತು ನನಗೆ. ಇಸ್ತ್ರಿ ಮಾಡಿದ ಬಿಳಿ ಪಂಚೆ ಉಟ್ಟು, ಶರಟು ಹಾಕಿ, ಅವರ ಕಾರಿನಲ್ಲೇ ಹೋದೆ.

ಒಳಗೆ ತುಂಬ ಜನ. ಪುಸ್ತಕದ ಬೀರುಗಳಿಗೆಲ್ಲ ಚೆಂಡುಹೂವು, ಕಂಪ್ಯೂಟರಿನ ಹಣೆಗೆ ಕುಂಕುಮ. ಮಗಳು ರೇಷ್ಮೆ ಸೀರೆ ಉಟ್ಟು, ಸ್ಟೀಲಿನ ಪಾತ್ರೆಯಿಂದ ದೊನ್ನೆಗೆ ಕಾಳಿನ ಉಸಲಿ ಹಾಕಿ ಕೊಡುತ್ತಿದ್ದಳು. ನನ್ನನ್ನು ಕಂಡಳು. ಅವಳ ಕೈ ನಿಂತಿತು. ಒಂದು ಕ್ಷಣ ಅವಳ ಮುಖದಲ್ಲಿ ಹೆದರಿಕೆ ಕಂಡೆ. ಚಿಕ್ಕ ಮಗುವಾಗಿದ್ದಾಗ ಜ್ವರದಲ್ಲಿ ಬೆಚ್ಚಿಬಿದ್ದಾಗಲೂ ಅವಳು ನನ್ನನ್ನು ಹಾಗೆ ನೋಡಿದವಳಲ್ಲ. ಅಷ್ಟರಲ್ಲಿ ಸೀನಿಯರ್ ಬಂದರು. ಮೇಲಿನ ಮನೆಯವರ ಬೆನ್ನಿಗೆ ಗುದ್ದಿ, 'ನಿನ್ನ ಅಣ್ಣನ ಮಗಳು ಬೆಂಕಿ ಕಣೋ! ನಮ್ಮ ಸ್ಕೂಲಿನ ರಕ್ತ ಅಂದ್ರೆ ಸುಮ್ನೇನಾ?' ಎಂದರು. ಆಮೇಲೆ ನನ್ನ ಕಡೆ ನೋಡಿ, 'ಇವರು?' ಎಂದರು.

ಮೇಲಿನ ಮನೆಯವರಿಗೆ ಆಗ ಹೊಳೆದಿರಬೇಕು. 'ಇವರು... ನಮ್ಮ ಮನೆ ಓನರ್ರು' ಎಂದರು.

ನಾನು ಮಗಳ ಕಡೆ ನೋಡಿದೆ. ಅವಳು ಹೇಳುತ್ತಾಳೆ ಎಂದು ಕಾದೆ. ಇವರು ನನ್ನ ಅಪ್ಪ ಸಾರ್ ಎಂದುಬಿಟ್ಟರೆ ಏನಾಗುತ್ತಿತ್ತು? ಏನೂ ಆಗದೇ ಇರಬಹುದಿತ್ತು. ಎಲ್ಲ ಹೋಗಿಬಿಡಲೂಬಹುದಿತ್ತು, ಕುರ್ಚಿ, ಕೇಸು, ಅವರ ನಂಬಿಕೆ. ಅವಳು ದೊನ್ನೆ ಹಿಡಿದುಕೊಂಡು ನಿಂತಿದ್ದಳು.

'ಓ, ಸುದ್ದಗುಂಟೆಪಾಳ್ಯ ಅಲ್ವಾ? ಹಳೇ ಜನ ನೀವು, ಪುಣ್ಯವಂತರು' ಎಂದು ಸೀನಿಯರ್ ನನ್ನ ಭುಜ ಹಿಡಿದರು. 'ಬಂದಿದ್ದು ಬಹಳ ಸಂತೋಷ. ಏಯ್ ಪುಟ್ಟಾ, ಇವರಿಗೆ ಕೊಡಮ್ಮ.'

ಅವಳು ಹತ್ತಿರ ಬಂದಳು. 'ತಗೊಳ್ಳಿ ಅಂಕಲ್' ಎಂದಳು. ನಾನು ತೆಗೆದುಕೊಂಡೆ. ಉಸಲಿ ಇನ್ನೂ ಬಿಸಿ ಇತ್ತು.

'ನಿಮ್ಮ ಮಕ್ಕಳೇನ್ ಮಾಡ್ತಾರೆ?' ಸೀನಿಯರ್ ಉಪಚಾರಕ್ಕೆ ಕೇಳಿದರು.

'ಮಕ್ಕಳಿಲ್ಲ ಸಾರ್' ಎಂದೆ.

ಅವರು ಅಯ್ಯೋ ಎಂದು ತಲೆಯಾಡಿಸಿ ಬೇರೆಯವರ ಕಡೆ ಹೋದರು. ನಾನು ದೊನ್ನೆಯಿಂದ ತಲೆ ಎತ್ತಿ ಅವಳನ್ನು ನೋಡಿದೆ. ಅವಳು ಅಳಬಹುದು, ಕಡೇ ಪಕ್ಷ ತಲೆ ತಗ್ಗಿಸಬಹುದು ಅಂದುಕೊಂಡಿದ್ದೆ. ಅವಳು ತಡೆಹಿಡಿದಿದ್ದ ಉಸಿರನ್ನು ಬಿಟ್ಟಳು, ಅಷ್ಟೇ. ನಾನು ಸರಿಯಾದ ಉತ್ತರ ಕೊಟ್ಟೆ ಎಂಬ ನೆಮ್ಮದಿ ಅವಳ ಮುಖದಲ್ಲಿತ್ತು.